ಕೆಂಪು ದಾರದ ಡಬ್ಬಿ, ಹಳದಿ ದಾರದ ಡಬ್ಬಿ

ಮರಳವಾಡಿಯ ರಾಧಾಮಣಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂತರೆ, ಬೀದಿಯಲ್ಲಿ ಹೋಗುವವರು ಹುರುಳಿಯೋ ಅವರೆಯೋ ಆರಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಬಗ್ಗಿ ನೋಡಿದವರಿಗೆ ಮಾತ್ರ ಗೊತ್ತು, ಮೊರದಲ್ಲಿರುವುದು ಕಾಳಲ್ಲ, ಸೀಸದ ಗುಂಡು. ಏರ್ ರೈಫಲ್ಲಿಗೆ ಹಾಕುವ, ಮೆಣಸಿನ ಕಾಳಿನಷ್ಟು ದಪ್ಪನೆಯ, ನಡು ಸಣ್ಣಗಿರುವ ಡಮರುಗದಂಥ ಪೆಲೆಟ್ಟುಗಳು. ಸೀಸ ಮುಟ್ಟಿದ ಮೊರ ಅಡುಗೆಮನೆಯ ಹೊಸಿಲು ದಾಟಕೂಡದೆಂದು ಅತ್ತೆ ಶಿವಲಿಂಗಮ್ಮ ತಾವೇ ಹೊಸದೊಂದು ಮೊರ ತರಿಸಿಕೊಟ್ಟಿದ್ದರು. ಸೊಸೆ ಬಂದೂಕು ಹಿಡಿಯುವುದಕ್ಕೆ ಆ ಮುದುಕಿಯ ತಕರಾರಿರಲಿಲ್ಲ. ತಕರಾರು ಮೊರದ್ದಷ್ಟೇ.

ಆರಿಸುವುದರಲ್ಲಿ ರಾಧಾಮಣಿ ಎತ್ತಿದ ಕೈ. ಮನೆಗೆ ಎರಡು ಎಕರೆ ಹಿಪ್ಪುನೇರಳೆ, ಹಿತ್ತಲಿನಲ್ಲಿ ರೇಷ್ಮೆ ಹುಳು ಸಾಕುವ ಮನೆ. ಮದುವೆಯಾಗಿ ಬಂದಾಗಿನಿಂದ ಗೂಡು ಬಿಡಿಸಿ, ಕಲೆ ಬಿದ್ದದ್ದು, ಪೊಳ್ಳು, ಜೋಡಿಗೂಡು ಎಂದು ಬೇರೆ ಮಾಡುತ್ತ ಅವಳ ಬೆರಳುಗಳು ಎಷ್ಟು ಪಳಗಿದ್ದವೆಂದರೆ, ಮಾತಾಡುತ್ತಲೇ ಕೆಟ್ಟದ್ದನ್ನು ಎತ್ತಿ ಎಸೆಯುತ್ತಿದ್ದಳು. ಪೆಲೆಟ್ಟಿಗೂ ಅದೇ ವಿದ್ಯೆ. ಬುಡ ಸೊಟ್ಟಗಾದದ್ದು ಒಂದು ಕಡೆ, ಹೊಳಪು ಕುಂದಿದ್ದು ಇನ್ನೊಂದು ಕಡೆ, ನೋಡಲು ಲಕ್ಷಣವಾಗಿರುವುದೆಲ್ಲ ಡಬ್ಬಿಗೆ.

ನಲವತ್ತು ದಾಟಿದ ಒಕ್ಕಲಗಿತ್ತಿಗೆ ಈ ಹುಚ್ಚು ಹತ್ತಿಸಿದ್ದು ಗೃಹರಕ್ಷಕ ದಳ. ಸೇರಿದ್ದಕ್ಕೆ ದೇಶಸೇವೆ ಗೀಶಸೇವೆ ಎಂಬ ದೊಡ್ಡ ಕಾರಣವೇನೂ ಇರಲಿಲ್ಲ. ಖಾಕಿ ಹಾಕಿಕೊಂಡು ಚುನಾವಣೆ ಬಂದೋಬಸ್ತಿಗೆ ಹೋದರೆ ನಾಲ್ಕು ಊರು ನೋಡಬಹುದೆಂಬ ಆಸೆ, ಅಷ್ಟೇ. ತರಬೇತಿ ಶಿಬಿರದಲ್ಲಿ ಒಬ್ಬೊಬ್ಬರಿಗೂ ಐದೈದು ಗುಂಡು ಕೊಟ್ಟರು. ಜೊತೆಯವರು ಕಣ್ಣು ಮುಚ್ಚಿ ಹೊಡೆದು ಭುಜ ಉಜ್ಜಿಕೊಂಡು ಎದ್ದರು. ರಾಧಾಮಣಿಯ ಐದೂ ಒಂದು ಅಂಗೈ ಅಗಲದಲ್ಲಿ ಬಿದ್ದಿದ್ದವು. ಹೇಳಿಕೊಡುವ ಅಧಿಕಾರಿ ಹಲಗೆಯ ಹತ್ತಿರ ಹೋಗಿ ನೋಡಿ, ವಾಪಸು ಬಂದು, “ಯಾರಮ್ಮ ಇದು ಹೊಡ್ದಿದ್ದು?” ಅಂದರು.

“ನಾನೇ ಸಾರ್. ಇನ್ನೊಂದೈದು ಕೊಟ್ರೆ ಇನ್ನೂ ಒಸಿ ಹತ್ರ ಹತ್ರ ಹೊಡೀತೀನಿ,” ಅಂದಳು ರಾಧಾಮಣಿ. ಅದು ಜಂಬವಲ್ಲ. ಅವಳಿಗೆ ನಿಜವಾಗಿಯೂ ಹಾಗನ್ನಿಸಿತ್ತು.

ಆ ಅಧಿಕಾರಿಯೇ ಅವಳನ್ನು ರಾಮನಗರದ ಓವೈಸನ ಹತ್ತಿರ ಕಳಿಸಿದ್ದು. ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಓವೈಸನ ತಾಯಿ ಅಕ್ಬರಿ ಬೇಗಂ ಬಹಳ ವರ್ಷ ರೇಷ್ಮೆ ನೂಲು ತೆಗೆಸುತ್ತಿದ್ದ ಉದ್ದನೆಯ ಶೆಡ್ಡೊಂದಿದೆ. ಯಂತ್ರಗಳನ್ನು ಮಾರಿದ ಮೇಲೆ ಮಗ ಅಲ್ಲಿ ಹತ್ತು ಮೀಟರಿನ ಏರ್ ರೈಫಲ್ ರೇಂಜ್ ಮಾಡಿದ. ಗುರಿ ಹಲಗೆಗೆ ದೀಪ, ನೆಲಕ್ಕೆ ಗೆರೆ, ಗೋಡೆಗೆ ಸುಣ್ಣ ಎಲ್ಲ ಆಯಿತು, ಬೇಯಿಸಿದ ಗೂಡಿನ ವಾಸನೆ ಮಾತ್ರ ಇವತ್ತಿಗೂ ಹೋಗಿಲ್ಲ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ರಾಧಾಮಣಿಗೆ ಅದು ತವರಿನ ವಾಸನೆ. ಓವೈಸ್ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಗೆರೆಯ ಒಳಗೆ ಅವನು ‘ಸಾರ್’, ಬೀದಿಗೆ ಬಂದರೆ ‘ಓವೈಸು’. ಈ ಕಟ್ಟಳೆ ಇಬ್ಬರಿಗೂ ಒಪ್ಪಿಗೆಯಾಗಿತ್ತು.

ರಾಜ್ಯಮಟ್ಟದ ಸ್ಪರ್ಧೆಯಲ್ಲಿ ನಲವತ್ತೈದು ದಾಟಿದ ಹೆಂಗಸರದೇ ಒಂದು ವಿಭಾಗ. ಅದರಲ್ಲಿ ಮೊದಲ ಮೂವರು ರಾಜ್ಯದ ತಂಡ ಸೇರುತ್ತಾರೆ. ಹೋದ ವರ್ಷ ರಾಧಾಮಣಿ ನಾಲ್ಕನೆಯವಳು. ಅಂಕದ ಪರದೆಯ ಮೇಲೆ ಹತ್ತರ ಪಕ್ಕ ಹತ್ತು ಬರುತ್ತಿದ್ದದ್ದು, ಆಟದ ನಡುವೆ ಒಂದೇ ಒಂದು ಗುಂಡು ಎಂಟಕ್ಕೆ ಹೋಗಿ ಕೂತಿತು. ಗುರಿ ಸರಿಯಿತ್ತು, ಉಸಿರು ಸರಿಯಿತ್ತು, ಬೆರಳು ಸರಿಯಿತ್ತು, ಗುಂಡೇ ಕೈಕೊಟ್ಟಿತು ಎಂದು ಅವಳು ಅವತ್ತೇ ತೀರ್ಪು ಕೊಟ್ಟುಬಿಟ್ಟಳು. ಗಂಡ ನಾಗರಾಜು ಊಟಕ್ಕೆ ಕೂತಾಗ ನಗುತ್ತ, “ಕುಣೀಲಾರ್ದವ್ಳು ನೆಲ ಡೊಂಕು ಅಂದ್ಲಂತೆ,” ಅಂದ. ಮಾರನೆಯ ದಿನ ಅವನ ಸಾರಿಗೆ ಉಪ್ಪು ಬೀಳಲಿಲ್ಲ. ಅವನೂ ಕೇಳಲಿಲ್ಲ, ಉಂಡು ಎದ್ದು ಹೋದ.

ಈ ವರ್ಷ ತಂಡದಲ್ಲಿ ತನ್ನ ಹೆಸರಿರಲೇಬೇಕು. ಅದೊಂದೇ ಅವಳ ತಲೆಯಲ್ಲಿದ್ದದ್ದು. ಅದಕ್ಕೆ ಬೇಕಾದದ್ದು ಕೈಕೊಡದ ಗುಂಡು ಎಂದು ಅವಳು ನಂಬಿದ್ದಳು. ಅದಕ್ಕೇ ಆ ಮೊರ, ಆ ಆರಿಸುವಿಕೆ.

ಅವಳು ಆರಿಸಿ ತಂದ ಡಬ್ಬಿ ನೋಡಿ ಓವೈಸ್ ನಕ್ಕ. “ಅಕ್ಕಾ, ಚೆಂದ ಇದ್ದಿದ್ದೆಲ್ಲ ಗುರಿಗೆ ಹೋಗಲ್ಲ. ಇದನ್ನ ಆರಿಸೋದು ನಾವಲ್ಲ, ನಳಿಗೆ. ಒಂದು ರೈಫಲ್ಲಿಗೆ ಆಗಿ ಬಂದಿದ್ದು ಇನ್ನೊಂದಕ್ಕೆ ಆಗಲ್ಲ. ಕಂಪನಿ ಒಂದೇ, ತೂಕ ಒಂದೇ, ಆದ್ರೂ ಒಂದೊಂದು ಲಾಟು ಒಂದೊಂದು ಥರ. ಹೊಡೆದೇ ನೋಡ್ಬೇಕು.”

ಲಾಟು ಎಂದರೆ ರಾಧಾಮಣಿಗೆ ಬಿಡಿಸಿ ಹೇಳಬೇಕೆ? ಮಾರುಕಟ್ಟೆಯಲ್ಲಿ ಒಬ್ಬೊಬ್ಬ ರೈತನ ಗೂಡೂ ಒಂದೊಂದು ಲಾಟು. “ಸರಿ ಸಾರ್, ಹೊಡೆದೇ ನೋಡಾವ,” ಅಂದಳು.

ಓವೈಸ್ ಒಂದೇ ಕಂಪನಿಯ, ನೋಡಲು ಒಂದೇ ಥರ ಇರುವ ನಾಲ್ಕು ಲಾಟಿನ ಡಬ್ಬಿ ತರಿಸಿದ. ಗುರುತು ತಪ್ಪದಿರಲಿ ಎಂದು ರಾಧಾಮಣಿ ಅಕ್ಬರಿ ಬೇಗಂ ಹತ್ತಿರ ಬಣ್ಣದ ರೇಷ್ಮೆ ದಾರ ಇಸಿದುಕೊಂಡು ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು, ಒಂದಕ್ಕೆ ಬಿಳಿ ಕಟ್ಟಿದಳು. ಮನುಷ್ಯರ ಕೈ ಅಲುಗಾಟ ಸೇರಬಾರದೆಂದು ರೈಫಲ್ಲನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು ಮೇಜಿಗೆ ತಿರುಪು ಹಾಕಿದರು. ಒಂದೊಂದು ಡಬ್ಬಿಯಿಂದಲೂ ಹತ್ತು ಗುಂಡು, ಒಂದೊಂದಕ್ಕೂ ಹೊಸ ಕಾಗದ.

ಹಸಿರು, ಬಿಳಿ ಎರಡೂ ಚೆಲ್ಲಿದ ರಾಗಿಯ ಹಾಗೆ ಹರಡಿಕೊಂಡವು. ಅವನ್ನು ಪಕ್ಕಕ್ಕೆ ತಳ್ಳಿದ್ದಾಯಿತು. ಕೆಂಪು ಮತ್ತು ಹಳದಿ ಮಾತ್ರ ಹತ್ತೂ ಗುಂಡು ಒಂದೇ ತೂತಿನಲ್ಲಿ ಹೋದಂತೆ ಹೋಗಿದ್ದವು. ಓವೈಸ್ ಅಳತೆಪಟ್ಟಿ ಹಿಡಿದು ನೋಡಿದ. ಕೆಂಪಿನದು ಹಳದಿಗಿಂತ ಕೂದಲೆಳೆಯಷ್ಟು ಚಿಕ್ಕ ತೂತು.

“ಎರಡೂ ಅಣ್ಣ ತಮ್ಮ ಇದ್ದಂಗೆ. ಯಾವುದು ತಗೊಂಡ್ರೂ ನಡೀತದೆ,” ಅಂದ ಓವೈಸ್.

“ಅಣ್ಣ ತಮ್ಮ ಆದ್ರೂ ಒಬ್ಬ ಒಸಿ ಜಾಣ ಇದ್ದೇ ಇರ್ತಾನೆ ಸಾರ್. ನಂಗೆ ಕೆಂಪೇ ಇರ್ಲಿ,” ಅಂದಳು ರಾಧಾಮಣಿ. ಕೆಂಪು ಲಾಟಿನ ಡಬ್ಬಿ ಎಷ್ಟಿತ್ತೋ ಅಷ್ಟನ್ನೂ ಚೀಲಕ್ಕೆ ಹಾಕಿಕೊಂಡು ಎಕ್ಸೆಲ್ ಗಾಡಿ ಹತ್ತಿದಳು. ಅಭ್ಯಾಸದಲ್ಲಿ ಅಂಕ ಏರತೊಡಗಿತು. ಅದೆಲ್ಲ ಕೆಂಪು ದಾರದ ಪುಣ್ಯ ಎಂದು ಅವಳು ಗಟ್ಟಿಯಾಗಿ ನಂಬಿದಳು. ಅಭ್ಯಾಸಕ್ಕೆ ಒಂದು ಸಣ್ಣ ಡಬ್ಬಿಯಲ್ಲಿ ಸ್ವಲ್ಪ ಇಟ್ಟುಕೊಂಡು, ಉಳಿದದ್ದನ್ನು ಸ್ಪರ್ಧೆಗೆಂದು ಮೀಸಲು ಮಾಡಿದಳು.

ಮೀಸಲು ಮಾಡಿದ್ದನ್ನು ಎಲ್ಲಿಡುವುದು? ಇಲ್ಲೇ ಅವಳು ಎಡವಿದ್ದು. ರೇಷ್ಮೆ ಬೆಳೆಯುವವರ ಮನೆಯಲ್ಲಿ ದೇವರ ಕೋಣೆಗಿಂತ ಮಡಿಯಾದ ಜಾಗ ಹುಳಿನ ಮನೆ. ಅಲ್ಲಿಗೆ ಚಪ್ಪಲಿ ಇಲ್ಲ, ಹೊರಗಿನವರಿಲ್ಲ, ಒಗ್ಗರಣೆ ಘಾಟೂ ಹೋಗುವಂತಿಲ್ಲ. ಹಿಂದಿನ ಬೆಳೆ ಮಾರಿ, ಮನೆ ಖಾಲಿಯಿತ್ತು. ತಂಪಾಗಿತ್ತು. ಗುಂಡಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು ಎಂದುಕೊಂಡಳು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಗೂಡನ್ನು ಮುಚ್ಚಿಟ್ಟರೆ ಬೆವೆತು ಕೆಡುತ್ತದೆ, ಗಾಳಿಯಾಡುವಂತೆ ತೆಳ್ಳಗೆ ಹರಡಬೇಕು ಎಂಬುದು ಅವಳ ಕೈಗೆ ಹತ್ತಿದ ಪಾಠ. ಡಬ್ಬಿಗಳನ್ನೆಲ್ಲ ಬಿಚ್ಚಿ, ಬಿದಿರಿನ ತಟ್ಟೆಗೆ ಕಾಗದ ಹಾಸಿ, ಪೆಲೆಟ್ಟುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಹರಡಿ, ತಟ್ಟೆ ಜೋಡಿಸುವ ಅಟ್ಟಣಿಗೆಯ ಮೇಲಿನ ಸಾಲಿನಲ್ಲಿಟ್ಟಳು. ಇಟ್ಟು, ನಿಂತು ನೋಡಿ, ಸಮಾಧಾನಪಟ್ಟುಕೊಂಡಳು. ಬುದ್ಧಿವಂತರು ಕೆಡುವುದು ಹೀಗೆಯೇ, ಒಂದು ಕಡೆ ಗೆದ್ದ ಬುದ್ಧಿಯನ್ನು ಎಲ್ಲ ಕಡೆಗೂ ಹೊತ್ತುಕೊಂಡು ಹೋಗುತ್ತಾರೆ.

ಆಮೇಲೆ ಬಂದೋಬಸ್ತಿಗೆಂದು ಅವಳನ್ನು ಮಾಗಡಿ ಕಡೆ ಕರೆಸಿಕೊಂಡರು. ಸಾವನದುರ್ಗದಲ್ಲಿ ರಜೆಯ ಜನ ಜಾಸ್ತಿ. ಅವಳು ಅಲ್ಲಿ ಬೆಟ್ಟ ಹತ್ತುವವರನ್ನು ಸಾಲಾಗಿ ನಿಲ್ಲಿಸುತ್ತಿರುವಾಗ, ಇಲ್ಲಿ ನಾಗರಾಜು ಹೊಸ ಹುಳು ತರುವ ಮುಂಚೆ ರೋಗ ತಗಲದಂತೆ ಮಾಡುವ ಕೆಲಸಕ್ಕೆ ಕೈಹಾಕಿದ. ನೀರಿಗೆ ಬ್ಲೀಚಿಂಗ್ ಪುಡಿ, ಸುಣ್ಣ ಕಲಸಿ, ಪಂಪಿಗೆ ತುಂಬಿ, ಗೋಡೆ, ನೆಲ, ಅಟ್ಟಣಿಗೆ, ತಟ್ಟೆ ಎಂದು ಎಲ್ಲಕ್ಕೂ ಹೊಡೆದು, ಬಾಗಿಲು ಕಿಟಕಿ ಭದ್ರ ಮಾಡಿ ಬಂದ. ಕೆಲಸದಲ್ಲಿ ನಾಗರಾಜು ಬಹಳ ಅಚ್ಚುಕಟ್ಟು. ಅವತ್ತು ಇನ್ನೂ ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿದ್ದ.

ರಾಧಾಮಣಿ ಬಂದು ಬಾಗಿಲು ತೆಗೆದಾಗ ಮೂಗಿಗೆ ಘಾಟು ಬಡಿಯಿತು. ತಟ್ಟೆ ಇಳಿಸಿದಳು. ಸೀಸದ ಬೂದು ಹೊಳಪು ಎಲ್ಲಿಯೂ ಇರಲಿಲ್ಲ. ಪ್ರತಿಯೊಂದು ಗುಂಡಿನ ಮೈಮೇಲೂ ಬೆಳ್ಳಗೆ ಬೂಷ್ಟು ಬಂದಂತೆ ಪುಡಿ ಕಟ್ಟಿಕೊಂಡಿತ್ತು. ಒಂದನ್ನು ಬೆರಳಲ್ಲಿ ಉಜ್ಜಿದರೆ ಪುಡಿಯ ಕೆಳಗೆ ತರಿತರಿ. ಸ್ಪರ್ಧೆ ಆ ವಾರವೇ ಇತ್ತು. ಅಳು ಬರಲಿಲ್ಲ, ಸಿಟ್ಟು ಬಂತು.

“ಏನ್ ಮಾಡ್ಬುಟ್ರಿ ಇದ್ನ?” ಎಂದು ತಟ್ಟೆಯನ್ನು ಗಂಡನ ಮುಂದೆ ಹಿಡಿದಳು.

ನಾಗರಾಜು ಬಗ್ಗಿ ನೋಡಿದ. “ಪೇಪರ್ ಮ್ಯಾಲೆ ಏನೋ ಕಾಳು ಇದ್ದಂಗಿತ್ತು. ಇಲಿ ತಂದಾಕದೇನೋ ಅಂತ ಅದ್ಕೂ ಒಸಿ ಚೆನ್ನಾಗೇ ಹೊಡ್ದೆ,” ಅಂದ. ಆಮೇಲೆ ಹೆಂಡತಿಯ ಮುಖ ನೋಡಿ, “ಹುಳಿನ ಮನೇಲಿ ಹುಳ ಇರ್ತವೆ ಅಂದ್ಕಂಡಿದ್ದೆ ಕಣಮ್ಮಿ, ಗುಂಡು ಇರ್ತವೆ ಅಂತ ನಂಗೇನ್ ಗೊತ್ತು?” ಎಂದು ಮೆಲ್ಲಗೆ ಸೇರಿಸಿದ.

ಗೋಡೆಗೊರಗಿ ಕೂತಿದ್ದ ಶಿವಲಿಂಗಮ್ಮ, “ಹುಣಿಸೆಹಣ್ಣು ಹಾಕಿ ಒಸಿ ತಿಕ್ಕವ್ವ, ತಂಬಿಗೆ ತೊಳ್ದಂಗೆ ಹೊಳೀತವೆ,” ಅಂದರು. ಸಾವಿರಾರು ಗುಂಡನ್ನು ಒಂದೊಂದಾಗಿ ಹುಣಿಸೆಹಣ್ಣಿನಲ್ಲಿ ತಿಕ್ಕುವ ತನ್ನನ್ನೇ ಕಣ್ಣಮುಂದೆ ತಂದುಕೊಂಡು ರಾಧಾಮಣಿಗೆ ಆ ಸಿಟ್ಟಿನಲ್ಲೂ ನಗು ಬಂತು. ನಕ್ಕಿದ್ದರಿಂದ ಸಿಟ್ಟು ಕಡಿಮೆಯಾಯಿತು, ಹೆದರಿಕೆ ಮಾತ್ರ ಹಾಗೇ ಉಳಿಯಿತು.

ಮಾರನೆಯ ಬೆಳಿಗ್ಗೆ ರೇಂಜಿಗೆ ಹೋದಳು. ಓವೈಸ್ ಬಿಳಿಯಾದ ಗುಂಡನ್ನು ಬೆಳಕಿಗೆ ಹಿಡಿದು, “ಇದನ್ನ ನಳಿಗೆಗೆ ಹಾಕೋ ಮಾತೇ ಇಲ್ಲ,” ಅಂದ. ಬೆಂಗಳೂರಿನ ಅಂಗಡಿಗಳಿಗೆ ಫೋನ್ ಮಾಡಿದ. ಆ ಲಾಟು ಎಲ್ಲೂ ಇರಲಿಲ್ಲ. ಅವನ ಬೀರುವಿನಲ್ಲಿ ಹಳದಿ ದಾರದ ಡಬ್ಬಿ ಎರಡಿದ್ದವು. ಅವನ್ನು ತೆಗೆದು ಅವಳ ಮುಂದಿಟ್ಟ.

“ಬ್ಯಾಡ ಸಾರ್. ಕೆಂಪಿನಷ್ಟು ಚೆನ್ನಾಗಿಲ್ಲ ಅದು. ನೀವೇ ಅಳ್ದು ಹೇಳಿದ್ರಿ,” ಅಂದಳು ರಾಧಾಮಣಿ. “ಹೋದ್ ವರ್ಷಾನೂ ಗುಂಡೇ ನನ್ನ ಕೆಡಿಸಿದ್ದು. ಈ ಸಲಾನೂ ಎರಡ್ನೇ ದರ್ಜೆದು ಹಿಡ್ಕಂಡು ಹೋಗ್ಲಾ?”

ಚಹಾ ತಂದ ಅಕ್ಬರಿ ಬೇಗಂ ಮಾತು ಕೇಳಿಸಿಕೊಂಡು ಅಲ್ಲೇ ನಿಂತರು. “ಎಷ್ಟು ಹೊಡೆದು ನೋಡಿದ್ರಿ?” ಎಂದು ಮಗನನ್ನು ಕೇಳಿದರು.

“ಹತ್ತು ಹತ್ತು, ಅಮ್ಮಿ.”

“ಮಾರ್ಕೆಟ್ಟಲ್ಲಿ ಒಂದು ಹಿಡಿ ಗೂಡು ಎತ್ತಿ ನೋಡಿ, ಇದೇ ಜಾಸ್ತಿ ಚೆನ್ನಾಗಿದೆ ಅಂತ ಪಕ್ಕದ್ದು ಬಿಟ್ಟು ಎಷ್ಟೋ ಸಲ ಕೆಟ್ಟಿದೀನಿ ನಾನು. ಪೂರಾ ಕೊಳೆತಿದ್ರೆ ಒಂದು ಹಿಡಿಯಲ್ಲೇ ಗೊತ್ತಾಗ್ತದೆ. ಎರಡೂ ಚೆನ್ನಾಗಿದ್ರೆ ಯಾವುದು ಹೆಚ್ಚು ಅಂತ ಒಂದು ಹಿಡಿಯಲ್ಲಿ ಹೆಂಗೆ ಗೊತ್ತಾಗ್ತದೆ ರಾಧಾ? ಇನ್ನೊಂದು ಹಿಡಿ ತೆಗಿ,” ಅಂದರು ಬೇಗಂ. ಲೋಟ ಇಟ್ಟು ಒಳಗೆ ಹೋದರು.

ಓವೈಸ್ ರೈಫಲ್ಲನ್ನು ಮತ್ತೆ ಹಿಡಿಕೆಗೆ ಬಿಗಿದ. ರಾಧಾಮಣಿಯ ಅಭ್ಯಾಸದ ಡಬ್ಬಿಯಲ್ಲಿ ಕೆಡದ ಕೆಂಪು ಗುಂಡು ಒಂದಿಷ್ಟು ಉಳಿದಿದ್ದವು. ಅವುಗಳಲ್ಲಿ ಹತ್ತು, ಹಳದಿಯಲ್ಲಿ ಹತ್ತು. ಈ ಸಲ ಹಳದಿಯ ತೂತು ಚಿಕ್ಕದು. ರಾಧಾಮಣಿ ಹುಬ್ಬು ಗಂಟಿಕ್ಕಿದಳು. “ಇನ್ನೊಂದ್ಸಲ ಸಾರ್.” ಇನ್ನೊಂದು ಸಲಕ್ಕೆ ಕೆಂಪು ಗೆದ್ದಿತು. ಮತ್ತೊಂದು ಸಲಕ್ಕೆ ಎರಡು ಕಾಗದವನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಯಾವುದರ ತೂತು ಯಾವುದು ಎಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಕೆಂಪು ಗುಂಡೂ ತೀರಿತು.

“ಹಂಗಾದ್ರೆ ಮೊದ್ಲು ನಾವು ನೋಡಿದ್ದೇನು?” ಎಂದು ಕೇಳಿದಳು.

“ಅವತ್ತು ಹಂಗೆ ಬಿತ್ತು, ಅಷ್ಟೇ ಅಕ್ಕ. ಹಸಿರು ಬಿಳಿ ಬಿಡೋದಕ್ಕೆ ಹತ್ತು ಗುಂಡು ಸಾಕಾಗಿತ್ತು. ಇವೆರಡರಲ್ಲಿ ಒಂದನ್ನ ಆರಿಸೋದಕ್ಕೆ ಸಾಲದು. ಅದು ನಂಗೂ ಹೊಳೀಲಿಲ್ಲ ನೋಡಿ. ಎರಡೂ ಒಂದೇ. ಮೂರನೇದೇ ಬೇರೆ.”

“ಮೂರನೇದು ಯಾವ್ದು?”

ಓವೈಸ್ ರೈಫಲ್ಲನ್ನು ಹಿಡಿಕೆಯಿಂದ ಬಿಚ್ಚಿ ಅವಳ ಕೈಗೆ ಕೊಟ್ಟ. ಅವಳು ಹಳದಿ ಗುಂಡು ಹಾಕಿ, ನಿಂತು, ಭುಜಕ್ಕೊತ್ತಿ ಹತ್ತು ಹೊಡೆದಳು. ಕಬ್ಬಿಣದ ಹಿಡಿಕೆ ಮಾಡಿದ್ದು ಕಾಳಿನಗಲದ ತೂತು. ಅವಳ ಭುಜ ಮಾಡಿದ್ದು ಅದರ ಎರಡರಷ್ಟು. ಕೆಂಪಿಗೂ ಹಳದಿಗೂ ಇದ್ದ ಕೂದಲೆಳೆಯ ಅಂತರ ಅದರೊಳಗೆ ಎಲ್ಲೋ ಕಳೆದುಹೋಗಿತ್ತು.

ರಾಧಾಮಣಿ ಆ ಕಾಗದವನ್ನೇ ನೋಡುತ್ತ ನಿಂತಳು. ಮೊದಲು ನಾಚಿಕೆಯಾಯಿತು. ಒಂದು ದಾರದ ತುಂಡಿಗೆ ತಾನು ಕೊಟ್ಟ ಮರ್ಯಾದೆ ಎಷ್ಟು! ಆಮೇಲೆ ಹಗುರವಾಯಿತು, ಕಳೆದುಹೋದದ್ದು ಅಂಥ ದೊಡ್ಡದೇನಲ್ಲ ಎಂದು. ಅದರ ಬೆನ್ನಿಗೇ ನಿಜವಾದ ಹೆದರಿಕೆ ಬಂತು. ಡಬ್ಬಿಯ ಮೇಲೆ ಹೊರಿಸುವಂತಿಲ್ಲ ಎಂದಾದರೆ, ಗೆರೆಯ ಮೇಲೆ ನಿಂತಾಗ ಉಳಿಯುವುದು ತಾನೊಬ್ಬಳೇ. ಇಷ್ಟು ದಿನ ಜೊತೆಗೆ ಇನ್ನೊಬ್ಬರಿದ್ದಾರೆ ಎಂಬ ಹಾಗೆ ಧೈರ್ಯವಾಗಿದ್ದಳು.

“ಹಳದಿನೇ ಕೊಡಿ ಸಾರ್,” ಅಂದಳು. “ಡಬ್ಬಿಲೇ ಇರ್ಲಿ. ನಾನು ಎಲ್ಲೂ ಹರಡಕ್ಕೆ ಹೋಗಲ್ಲ.”

ಉಳಿದ ದಿನಗಳಲ್ಲಿ ಅವಳು ಮೊರ ಮುಟ್ಟಲಿಲ್ಲ. ಆ ಹೊತ್ತನ್ನೆಲ್ಲ ನಿಲ್ಲುವುದಕ್ಕೆ ಕೊಟ್ಟಳು. ಹಿತ್ತಲಿನಲ್ಲಿ ದಪ್ಪನೆಯ ಶೂಟಿಂಗ್ ಕೋಟು ತೊಟ್ಟು, ರೈಫಲ್ಲಿನ ತೂಕದ ಒನಕೆ ತುಂಡೊಂದನ್ನು ಭುಜಕ್ಕಿಟ್ಟು, ಹುಳಿನ ಮನೆಯ ಗೋಡೆಯ ಒಂದು ಚುಕ್ಕೆಯನ್ನು ದಿಟ್ಟಿಸಿ ನಿಲ್ಲುತ್ತಿದ್ದಳು. ಸೊಪ್ಪು ಹೊತ್ತು ಬಂದ ನಾಗರಾಜು ಅವಳನ್ನು ಸುತ್ತಿಕೊಂಡು ಹೋಗುತ್ತಿದ್ದನೇ ಹೊರತು ಎದುರಿಗೆ ಹಾಯುತ್ತಿರಲಿಲ್ಲ. ಒಂದು ದಿನ ಮಾತ್ರ, “ಒನಕೆ ಎಡಕ್ಕೆ ವಾಲ್ತೈತೆ,” ಅಂದ. ಹೌದು, ವಾಲುತ್ತಿತ್ತು. ಎಡಗಾಲನ್ನು ಒಂದಿಷ್ಟು ಮುಂದಿಟ್ಟು ನೋಡಿದಳು, ಸರಿಹೋಯಿತು. ಆ ದಿನ ಅವನ ತಟ್ಟೆಗೆ ಒಂದು ಮುದ್ದೆ ಹೆಚ್ಚಿಗೆ ಬಿತ್ತು.

ಸ್ಪರ್ಧೆಯ ದಿನ ಬೆಂಗಳೂರಿನ ರೇಂಜಿನಲ್ಲಿ ಹೆಂಗಸರ ಸಾಲು ಉದ್ದವಾಗಿತ್ತು. ಅಕ್ಕಪಕ್ಕದವರು ಡಬ್ಬಿಯ ಮೇಲಿನ ಲಾಟಿನ ಅಂಕಿ ಓದಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಒಬ್ಬಾಕೆ ರಾಧಾಮಣಿಯ ಡಬ್ಬಿ ನೋಡಿ, “ಇದು ಯಾವ ಲಾಟು?” ಎಂದು ಕೇಳಿದಳು. “ಹಳದಿ ದಾರದ್ದು,” ಎಂದಳು ಇವಳು. ಆಕೆ ಹುಬ್ಬೇರಿಸಿ ತನ್ನ ಡಬ್ಬಿಯ ಕಡೆ ತಿರುಗಿದಳು.

ಮೊದಲ ಗುಂಡುಗಳು ಹೇಳಿದ ಮಾತು ಕೇಳಿದವು. ಹತ್ತು, ಹತ್ತು ಪಾಯಿಂಟ್ ಮೂರು, ಹತ್ತು ಪಾಯಿಂಟ್ ಐದು; ನಡುಚುಕ್ಕೆಗೆ ಹತ್ತಿರವಾದಷ್ಟೂ ಪಾಯಿಂಟ್ ಹೆಚ್ಚು. ಪರದೆ ನೋಡಿ ಹಿಗ್ಗದೆ, ಕುಗ್ಗದೆ, ಹುಳಕ್ಕೆ ಸೊಪ್ಪು ಹಾಕುವವಳ ಹಾಗೆ ಒಂದಾದ ಮೇಲೊಂದು ಹಾಕುತ್ತಾ ಹೋದಳು. ಅರ್ಧ ದಾಟಿದ ಮೇಲೆ ಒಂದು ಗುಂಡು ಎಂಟಕ್ಕೆ ಹೋಯಿತು.

ಹಿಂದೆ ಕೂತಿದ್ದ ಓವೈಸ್ ಕುರ್ಚಿಯ ತುದಿಗೆ ಬಂದ. ರಾಧಾಮಣಿಯ ಕೈ ತಾನಾಗಿ ಡಬ್ಬಿಯ ಕಡೆ ಹೋಯಿತು, ಕೆಟ್ಟದ್ದನ್ನು ಹುಡುಕಿ ಎಸೆಯಲು. ಅಲ್ಲಿ ಎಲ್ಲವೂ ಒಂದೇ ಥರ ಇದ್ದವು. ಕೈ ಹಿಂದಕ್ಕೆ ತೆಗೆದುಕೊಂಡು, ರೈಫಲ್ಲನ್ನು ಆನಿಕೆಯ ಮೇಲಿಟ್ಟು, ಕಣ್ಣು ಮುಚ್ಚಿ, ಆ ಗುಂಡು ಹೊಡೆದ ಗಳಿಗೆಯನ್ನು ನೆನೆಸಿಕೊಂಡಳು. ಗುರಿ ಕೂತಿತ್ತು, ಆದರೆ ಬಿಡುವುದಕ್ಕೆ ತಡಮಾಡಿದ್ದಳು. ಇನ್ನೂ ಚೆನ್ನಾಗಿ ಕೂರಲಿ ಎಂದು ಕಾದಿದ್ದಳು. ಕಾದಷ್ಟೂ ಉಸಿರು ಕಟ್ಟಿ ತೋಳು ಸೋತಿತ್ತು. ಆಸೆ ಜಾಸ್ತಿಯಾಗಿತ್ತು, ಅಷ್ಟೇ. ಕಾರಣ ಸಿಕ್ಕಿದ ಕೂಡಲೇ ಹೆದರಿಕೆ ಇಳಿಯಿತು. ಗುಂಡಿನ ತಪ್ಪಾಗಿದ್ದರೆ ಅವಳಿಂದ ಏನೂ ಆಗುತ್ತಿರಲಿಲ್ಲ. ತನ್ನ ತಪ್ಪನ್ನಾದರೆ ತಾನೇ ತಿದ್ದಬಹುದು. ಎಡಗಾಲು ಸರಿಯಾಗಿ ಊರಿ, ಮುಂದಿನದನ್ನು ಕೂತ ಕೂಡಲೇ ಬಿಟ್ಟಳು. ಹತ್ತು ಪಾಯಿಂಟ್ ಏಳು.

ಕೊನೆಯ ಗುಂಡಿನವರೆಗೂ ಹಾಗೆಯೇ ನಡೆಯಿತು. ಫಲಿತಾಂಶದ ಹಾಳೆಯನ್ನು ಗೋಡೆಗೆ ಅಂಟಿಸಿದಾಗ ಓವೈಸ್ ಜನರ ನಡುವೆ ನುಗ್ಗಿ ನೋಡಿ ಬಂದ. ಅವನ ಮುಖವೇ ಹೇಳುತ್ತಿತ್ತು. ಮೂರನೆಯ ಹೆಸರು ರಾಧಾಮಣಿ, ಮರಳವಾಡಿ. ಅವಳು ಕೋಟಿನ ಗುಂಡಿ ಬಿಚ್ಚುತ್ತಲೇ ನಾಗರಾಜುವಿಗೆ ಫೋನ್ ಮಾಡಿ, “ತಂಡಕ್ಕೆ ಸೇರ್ದೆ. ಅತ್ತೆಗೆ ಹೇಳಿ. ಸಾಯಂಕಾಲಕ್ಕೆ ಬತ್ತೀನಿ,” ಎಂದಷ್ಟೇ ಹೇಳಿ ಇಟ್ಟಳು.

ಹೊರಗೆ ಬಂದ ಮೇಲೆ ಓವೈಸ್ ಮೆಲ್ಲಗೆ ಕೇಳಿದ: “ಅಕ್ಕಾ, ಆ ಎಂಟು? ಡಬ್ಬಿ ಏನಾದ್ರೂ ಕೈ ಕೊಡ್ತಾ?”

“ಇಲ್ಲ ಓವೈಸು, ಅದು ನಂದೇ,” ಅಂದಳು ರಾಧಾಮಣಿ, ರೈಫಲ್ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಳ್ಳುತ್ತ. “ಮಿಕ್ಕವೂ ಅಷ್ಟೇ, ಅಷ್ಟೂ ನನ್ನವೇ.”